ಫೋಟೋ ಹಾಡಿತು, ಹಪ್ಪಳ ಒಳಗೆ ಬಂತು

ಕಂಪ್ಯೂಟರಿಗೆ ಫೋಟೋ ಅಂದರೂ ಅಂಕಿಗಳ ಸಾಲು, ಹಾಡು ಅಂದರೂ ಅಂಕಿಗಳ ಸಾಲು. ಹಾಗಿದ್ದ ಮೇಲೆ ಫೋಟೋವನ್ನೇ ಹಾಡಿಸಬಾರದೇಕೆ? ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಇಂಪೋರ್ಟ್, ರಾ ಡೇಟಾ ಅಂತ ಒತ್ತಿ ಫೋಟೋ ಫೈಲ್ ತೋರಿಸಿ. 8 ಬಿಟ್, ಮೊನೊ, 44,100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಅಂಕಿ) ಆರಿಸಿ. ಯಾಕೆ ಅಂತ ಕೇಳದೆ ನುಡಿಸುತ್ತದೆ. ಆ ಪ್ರಶ್ನೆ ಕೇಳೋಕೆ ಮನೆಯವರಿದ್ದಾರೆ.

ಮೊದಲು ಮೊಬೈಲಿನ ಜೆಪಿಜಿ ಫೋಟೋ ಕೊಟ್ಟೆ. ಜೆಪಿಜಿಯಲ್ಲಿ ಅಂಕಿಗಳನ್ನು ಹಿಂಡಿ ಇಟ್ಟಿರುವುದರಿಂದ ಲಯ ಅನ್ನೋದೇ ಉಳಿದಿರೋಲ್ಲ. ಬರೀ ಸುಯ್ಯ್ ಅನ್ನುವ ಸದ್ದು. ಅದೂ ಹಾಲ್‌ನಿಂದ! ಅಪ್ಪನ ಸುಪ್ರಭಾತದ ಬ್ಲೂಟೂತ್ ಸ್ಪೀಕರಿಗೆ ಲ್ಯಾಪ್‌ಟಾಪ್ ತಾನೇ ಜೋಡಿಕೊಂಡಿತ್ತು. ಹಾಸನದ ಮಳೆ ಹೇಳಿ ಕೇಳಿ ಬರೋದಿಲ್ಲ. ಅಮ್ಮ "ಅಯ್ಯೋ, ಹಪ್ಪಳ!" ಅಂತ ಟೆರೇಸಿಗೆ ಓಡಿದರು. ಮೇಲೆ ಸುಡುಬಿಸಿಲು.

ಜಾಸ್ತಿ ಮಜಾ ಇರೋದು ಅಂಕಿಗಳನ್ನು ಹಿಂಡದೆ ಇಡುವ ಬಿಎಂಪಿ ಫೈಲಿನಲ್ಲಿ. ಒಂದೊಂದು ಚುಕ್ಕಿಗೂ ನೀಲಿ, ಹಸಿರು, ಕೆಂಪು ಅಂತ ಮೂರು ಅಂಕಿ, ಅದೂ ಕೆಳಗಿನ ಸಾಲಿನಿಂದ ಮೇಲಕ್ಕೆ. ಹಳೇಬೀಡಿನ ಗುಡಿಯ ಫೋಟೋ ಹಾಕಿದರೆ ಮೊದಲು ಕೇಳೋದು ತಳದ ಆನೆಗಳ ಸಾಲು. ಶಿಲ್ಪಿಗಳು ಗೋಡೆ ಎಬ್ಬಿಸಿದ್ದೂ ಅದೇ ಕ್ರಮದಲ್ಲಿ, ಅಲ್ವಾ? ಆದರೆ ಅಷ್ಟೆಲ್ಲ ಕುಸುರಿಗೆ ಬಂದದ್ದು ಬರೀ ಗರಗರ. ಯಾರೂ ಕೆತ್ತದ ನೀಲಿ ಆಕಾಶ ಬಂತು ನೋಡಿ, ಕಿವಿ ತೂತಾಗುವ ಸೀಟಿ! ಅವೇ ಮೂರು ಅಂಕಿ ಮತ್ತೆ ಮತ್ತೆ ಬಂದರೆ 44,100ರ ಮೂರನೇ ಒಂದು ಭಾಗ, ಅಂದರೆ 14,700 ಹರ್ಟ್ಸ್. ವಯಸ್ಸಾದ ಕಿವಿಗೆ ಅದು ಕೇಳಿಸೋದು ಕಷ್ಟ. ಅಕ್ಕನ ಮಗಳು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಪಕ್ಕದ ಮನೆ ನಾಯಿ ಗೇಟಿಗೆ ಹಾರುತ್ತಿತ್ತು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಯಾರೋ ಬಂದಿರ್ಬೇಕು, ನೋಡ್ರೋ" ಅಂದರು.

ಮುಳ್ಳಯ್ಯನಗಿರಿಯ ಮಂಜು ಮಾತ್ರ ಸಂಭಾವಿತ. ಬೂದು ಬಣ್ಣಕ್ಕೆ ಮೂರೂ ಅಂಕಿ ಒಂದೇ, ಸೀಟಿಯೇ ಇಲ್ಲ.

ಸುದ್ದಿ ಕೇಳಿ ಚಿಕ್ಕಪ್ಪ ತಮ್ಮ ಮದುವೆಯ ಕಪ್ಪುಬಿಳುಪು ಫೋಟೋ ಸ್ಕ್ಯಾನ್ ಮಾಡಿಸಿ ತಂದರು. ಅಡ್ಡಕ್ಕೆ 4,000, ಉದ್ದಕ್ಕೆ 3,000 ಚುಕ್ಕಿ. ಬಣ್ಣದ ಬಿಎಂಪಿಯಾಗಿ ಇಟ್ಟಿದ್ದರಿಂದ ಮುಗಿಯೋಕೆ 13 ನಿಮಿಷದ ಮೇಲೆ ಬೇಕು. ಗೊರ್ ಗೊರ್ ಅಂತ ಶುರುವಾಯಿತು.

"ನನ್ನ ಮುಖ ಯಾವಾಗ ಬರುತ್ತೆ?"

"ಇನ್ನೂ ಪಂಚೆಯಲ್ಲೇ ಇದೀವಿ, ಚಿಕ್ಕಪ್ಪ."

ಚಿಕ್ಕಮ್ಮ ಕಾಫಿ ತಂದಿಟ್ಟು ಸ್ವಲ್ಪ ಹೊತ್ತು ಕಿವಿಗೊಟ್ಟರು. "ಇದನ್ನ ನಲವತ್ತು ವರ್ಷದಿಂದ ರಾತ್ರಿಯೆಲ್ಲ ಕೇಳ್ತಾ ಇದೀನಿ. ಸುಮ್ನೆ ಕಂಪ್ಯೂಟರಿಗೆ ಯಾಕಪ್ಪಾ ತೊಂದ್ರೆ ಕೊಟ್ಟೆ?"