ನಮ್ಮ ದುರ್ಗದ ಬಿಸಿಲಿಗೆ ಬೋನ್ಸಾಯ್

ನಿಮ್ಮ ಲೇಖನ ಚೆನ್ನಾಗಿದೆ ಸಾರ್, ಆದ್ರೆ ಟ್ರೇನಲ್ಲಿ ಮರಾನ ಕುಳ್ಳಗೆ ಬೆಳೆಸೋ ಬೋನ್ಸಾಯ್‌ಗೆ ದಿನಕ್ಕೊಂದು ಸಲ ನೀರು ಹಾಕಿ ಅಂತ ಬರ್ದಿದೀರಲ್ಲ, ಅದು ನಮ್ಮ ಚಿತ್ರದುರ್ಗದ ಕಡೆ ನಡೆಯಲ್ಲ. ಏಪ್ರಿಲ್ ಬಿಸಿಲು, ಅದ್ರ ಮೇಲೆ ಒಣಗಾಳಿ ಬೇರೆ, ಟ್ರೇ ಆಳ ಇರೋದೇ ಎರಡು ಮೂರು ಇಂಚು, ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಆರಿ ಹೋಗುತ್ತೆ, ಅದೇ ಮಳೆಗಾಲದಲ್ಲಿ ದಿನಾ ಹಾಕಿದ್ರೆ ಬೇರು ಕೊಳೆಯುತ್ತೆ. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಮೇಲಿನ ಅರ್ಧ ಇಂಚು ಒಣಗಿದ್ರೆ ಮಾತ್ರ ಕೆಳಗಿನ ತೂತಿಂದ ಹರಿಯೋವರ್ಗೂ ಹಾಕಿ. ಬೋರ್ ನೀರಾದ್ರೆ ಟ್ರೇ ಅಂಚಲ್ಲಿ, ಕಾಂಡದ ಬುಡದಲ್ಲಿ ಬಿಳಿ ಉಪ್ಪು ಕಟ್ಟುತ್ತೆ, ಹಳೇ ಟೂತ್ ಬ್ರಷ್ ತಗೊಂಡು ಉಜ್ಜಬೇಕು, ಮಳೆ ನೀರು ಹಿಡಿದಿಟ್ಟಿದ್ರೆ ಅದೇ ಬೆಸ್ಟು.

ಇನ್ನು ಜುನಿಪರ್ ಅನ್ನೋ ಸೂಜಿ ಎಲೆ ಗಿಡದ ಹಿಂದೆ ಯಾಕೆ ಬೀಳ್ಬೇಕು, ಅದಕ್ಕೆ ಚಳಿ ಬೇಕು. ಆಲ, ಅರಳಿ, ಬಸರಿ ಇವೆಲ್ಲ ಕಲ್ಲಿನ ಸಂದೀಲೇ ಹಿಡಿ ಮಣ್ಣಿಲ್ದೆ ಬೇರು ಬಿಟ್ಕೊಂಡು ಬೆಳೀತವೆ, ಟ್ರೇಗೆ ಅದಕ್ಕಿಂತ ಒಳ್ಳೇ ಗಿಡ ಯಾವ್ದಿದೆ! ಮುಂಗಾರು ಹಿಡಿದ ಮೇಲೆ ಮಣ್ಣು ಬದ್ಲಾಯ್ಸಿ, ಬೇರು ಕತ್ತರಿಸಿ. ಕೊಂಬೆ ಬಗ್ಗಿಸಿ ಆಕಾರ ಕೊಡೋಕೆ ವೈರ್ ಸುತ್ತಿರೋರು ಆಗ ವಾರ ವಾರ ನೋಡ್ತಿರಿ, ಕೊಂಬೆ ಬೇಗ ದಪ್ಪ ಆಗಿ ವೈರು ತೊಗಟೆಗೆ ಕಚ್ಕೊಳ್ಳುತ್ತೆ, ಬಿಚ್ಚೋಕೆ ಹೋಗ್ಬೇಡಿ, ಕಟಿಂಗ್ ಪ್ಲೇಯರ್‌ನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೀರಿ.