ಓವನ್ನಿಗೆ ಕೆಲಸ ಕೊಡುವ ಮೊಟ್ಟೆ

ಮಂಗಳೂರು ಕಡೆ ಬಹಳ ಮನೆಗಳಲ್ಲಿ ಓವನ್ ಇರುವುದು ಪಾತ್ರೆ ಇಡಲಿಕ್ಕೆ. ದುಬೈಯಿಂದ ಬಂದ ಮಗನ ಹುಮ್ಮಸ್ಸಿಗೆ ಕೊಂಡದ್ದು, ಕ್ರಿಸ್ಮಸ್‌ಗೋ ಹುಟ್ಟುಹಬ್ಬಕ್ಕೋ ಒಂದು ಕೇಕ್ ಆಯಿತು, ಆಮೇಲೆ ಅದರೊಳಗೆ ಇಡ್ಲಿ ತಟ್ಟೆ, ದೊಡ್ಡ ಬಾಣಲೆ, ಜೋಡಿ ತಪ್ಪಿದ ಮುಚ್ಚಳಗಳ ಸಂಸಾರ. ಅದಕ್ಕೆ ಮತ್ತೆ ಕೆಲಸ ಹಚ್ಚಬೇಕಾದರೆ ಮೊಟ್ಟೆಯೇ ಸರಿ. ಅದರಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನಿನ ರೇಟು ಕೇಳಿದರೆ ತಲೆ ತಿರುಗುತ್ತದೆ. ಆಗ ಮೊಟ್ಟೆ ಬಿಟ್ಟರೆ ಇನ್ನೆಂತ ಇದೆ?

ಒಂದೇ ಬಾಣಲೆಯಲ್ಲಿ ಮೊಟ್ಟೆ ಬೇಯಿಸುವುದು ಎಲ್ಲ ಊರಿನವರಿಗೂ ಗೊತ್ತು. ಇಟಲಿಯವರು ಮೊಟ್ಟೆ ಕದಡಿ ತರಕಾರಿ ಮೇಲೆ ಸುರಿದು ಫ್ರಿಟಾಟ ಅನ್ನುತ್ತಾರೆ. ಟ್ಯುನೀಷಿಯಾ ಕಡೆಯ ಶಕ್ಷೂಕದಲ್ಲಿ ಕದಡುವುದಿಲ್ಲ, ಕುದಿಯುವ ಟೊಮೆಟೊ ಗೊಜ್ಜಿನಲ್ಲಿ ಸೌಟಿನಿಂದ ಗುಂಡಿ ಮಾಡಿ ಒಡೆದು ಹಾಕುತ್ತಾರೆ. ಪಾರ್ಸಿಗಳಿಗಂತೂ ಬೆಂಡೆಕಾಯಿ ಪಲ್ಯದ ಮೇಲೂ ಮೊಟ್ಟೆ ಬೇಕು.

ನಮ್ಮಲ್ಲಿ ತಕರಾರು ನೀರಿನದ್ದು. ಬಸಳೆ, ಹರಿವೆ, ಸೌತೆ, ಯಾವುದನ್ನು ಹಾಕಿದರೂ ಬಾಣಲೆಯ ತಳದಲ್ಲಿ ಒಂದು ಸಣ್ಣ ಕೆರೆ. ಹಾಗಾಗಿ ತರಕಾರಿಯನ್ನು ಮೊದಲೇ ಚೆನ್ನಾಗಿ ಹುರಿದು ನೀರು ಆರಿಸಿಕೊಳ್ಳಬೇಕು. ಮೊಟ್ಟೆಯೂ ಕಡಿಮೆಯದ್ದಲ್ಲ. ಬಿಳಿ ಭಾಗ ಸುಮಾರು 62 ಡಿಗ್ರಿಗೆ ಗಟ್ಟಿಯಾಗಲು ಶುರುವಾಗುತ್ತದೆ, ಹಳದಿ 65–70ಕ್ಕೆ. ಅದನ್ನು ದಾಟಿ ಬೇಯುತ್ತಲೇ ಇದ್ದರೆ ಅದು ಬಿಗಿದುಕೊಂಡು ಒಳಗಿನ ನೀರನ್ನೆಲ್ಲ ಹಿಂಡಿ ಹೊರಹಾಕುತ್ತದೆ, ತಿಂದರೆ ರಬ್ಬರ್. ಓವನ್ 180ರಲ್ಲಿ ಇದ್ದಾಗ ಬಾಣಲೆಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಅಂಚು ಕೂತು, ನಡುವೆ ಇನ್ನೂ ಸ್ವಲ್ಪ ತುಳುಕುತ್ತಿದೆ ಅಂದಾಗಲೇ ಹೊರಗೆ ತೆಗೆಯಬೇಕು. ಉಳಿದದ್ದು ಬಾಣಲೆಯ ಬಿಸಿಗೇ ಬೇಯುತ್ತದೆ. ಬೀಡಿನ ಬಾಣಲೆಯಾದರೆ ಇನ್ನೂ ಬೇಗ ತೆಗೆಯಿರಿ, ಅದು ಬಿಸಿ ಬಿಡುವುದಿಲ್ಲ.

ನನ್ನ ಕೇಳಿದರೆ ಫ್ರಿಟಾಟಕ್ಕಿಂತ ಶಕ್ಷೂಕದ ದಾರಿಯೇ ನಮಗೆ ಹೊಂದುವುದು, ಆದರೆ ಟೊಮೆಟೊ ಬೇಡ. ಕುಂದಾಪುರದ ಘೀ ರೋಸ್ಟ್ ಮಸಾಲೆ ಇದೆಯಲ್ಲ, ಬ್ಯಾಡಗಿ ಮೆಣಸು, ಹುಳಿ, ಬೆಳ್ಳುಳ್ಳಿ ಅರೆದು ತುಪ್ಪ ಬಿಡುವವರೆಗೆ ಹುರಿದದ್ದು, ಅದರಲ್ಲಿ ನೀರಿನ ಪಸೆಯೇ ಉಳಿದಿರುವುದಿಲ್ಲ. ಕೆಂಪಗೆ ಬಾಣಲೆಗೆ ಹರಡಿ, ಮೇಲೆ ಮೊಟ್ಟೆ ಒಡೆದು, ಕರಿಬೇವು ಎಸೆದು ಒಳಗೆ ತಳ್ಳಿದರೆ ಬದಿಯಲ್ಲಿ ತುಪ್ಪ ಚಿಟಿಚಿಟಿ ಅನ್ನುತ್ತದೆ, ಬಿಳಿಯ ಅಂಚು ಮಸಾಲೆ ಹಿಡಿದು ಗರಿಯಾಗುತ್ತದೆ. ಚೀಸ್ ಹಾಕಬೇಡಿ, ದಯವಿಟ್ಟು.

ಭಾನುವಾರದ ಕೋರಿ ಗಸಿ, ಅಂದರೆ ಕೋಳಿ ಸಾರು, ಉಳಿದರೆ ಸೋಮವಾರಕ್ಕೆ ಇನ್ನೊಂದು ದಾರಿ. ಗಸಿ ತೆಳ್ಳಗೆ, ತೆಂಗಿನ ಹಾಲಿನದ್ದು, ಹಾಗೇ ಬೇಯಿಸಿದರೆ ಮೊಟ್ಟೆ ಮುಳುಗಿ ಹೋಗುತ್ತದೆ. ಅದಕ್ಕೆ ಬಾಣಲೆಯ ತಳಕ್ಕೆ ರೊಟ್ಟಿ ಮುರಿದು ಹಾಸಬೇಕು. ಆ ಗರಿಗರಿ ಅಕ್ಕಿ ರೊಟ್ಟಿ ಹೇಗೂ ಗಸಿ ಕುಡಿಯಲಿಕ್ಕೇ ಹುಟ್ಟಿದ್ದು ಅಲ್ವಾ? ಮೇಲಿಂದ ಮೊಟ್ಟೆ ಒಡೆದರೆ ತಳ ಮೆತ್ತಗೆ, ಬಾಣಲೆಯ ಅಂಚಿನಲ್ಲಿ ಗಸಿ ತಾಗದೆ ಉಳಿದ ತುಂಡುಗಳು ಮಾತ್ರ ಕಟುಂ. ಜಗಳ ಆ ತುಂಡುಗಳಿಗೇ.

ಇನ್ನು ಮಟ್ಟುಗುಳ್ಳ. ಉಡುಪಿ ಕಡೆಯ ಹಸಿರು ಗುಂಡು ಬದನೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬೇರೆ ಸಿಕ್ಕಿದೆ. ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ ಮೊಟ್ಟೆ ಸುರಿದರೆ ಸೊಗಸಾಗಿಯೇ ಇರುತ್ತದೆ. ಆದರೆ ಮಾಧ್ವ ಯತಿ ವಾದಿರಾಜರು ಕೊಟ್ಟ ಬೀಜದಿಂದ ಬೆಳೆದದ್ದು ಎಂಬ ಪ್ರತೀತಿ ಇರುವ ಕಾಯಿ. "ಎಂತ ಮಾರಾಯ್ತಿ, ಗುಳ್ಳಕ್ಕೆ ಮೊಟ್ಟೆಯಾ?" ಅಂತ ಅತ್ತೆ ಕೇಳುವ ದನಿ ನನಗೆ ಈಗಲೇ ಕೇಳಿಸುತ್ತದೆ. ಹಾಗಾಗಿ ಅವರು ಮನೆಯಲ್ಲಿ ಇಲ್ಲದ ದಿನ.

ಓವನ್ ಇಲ್ಲದವರು ಬೇಸರ ಮಾಡಬೇಡಿ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಬಿಗಿಯಾದ ಮುಚ್ಚಳ ಸಾಕು. ಮುಚ್ಚಳದ ಒಳಗೊಂದು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಆವಿ ಹನಿಹನಿಯಾಗಿ ಮೊಟ್ಟೆ ಮೇಲೇ ಬೀಳುತ್ತದೆ. ಬಟ್ಟೆಯ ತುದಿಗಳನ್ನು ಮೇಲೆ ಗಂಟು ಹಾಕಲು ಮಾತ್ರ ಮರೆಯಬೇಡಿ, ಕೆಳಗೆ ಬೆಂಕಿ ಇದೆ.