ಸ್ನಾಯು ಸವೆಯುವ ಹುಡುಗನಿಗೆ ಸಹಾಯಾರ್ಥ ಯಕ್ಷಗಾನ ಆಟ ಬೇಕಾ?

ಪರ

‘ಸರ್ಕಾರ ಕೊಡಲಿ ಬಿಡಿ’ ಅನ್ನುವವರು ಆಷಾಢದಲ್ಲಿ ಒಂದು ವಾರ ಶಿರಸಿಯ ಹಳ್ಳಿಯಲ್ಲಿದ್ದು ನೋಡಲಿ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಈ ಸ್ನಾಯು ಸವೆಯುವ ಕಾಯಿಲೆ ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಐದಾರು ವರ್ಷದ ಹುಡುಗ ನೆಲದಿಂದ ಏಳುವಾಗ ತನ್ನದೇ ತೊಡೆಗೆ ಕೈಯೂರಿ ಮೇಲೆ ಬರುತ್ತಾನೆ. ಹನ್ನೆರಡರ ಹೊತ್ತಿಗೆ ಸಾಮಾನ್ಯವಾಗಿ ನಡಿಗೆ ನಿಲ್ಲುತ್ತದೆ. ಮುಂದೆ ಉಸಿರಾಟವೂ ಸೋಲುತ್ತದೆ, ರಾತ್ರಿ ಮುಖವಾಡದ ಮೂಲಕ ಗಾಳಿ ಒತ್ತಿಕೊಡುವ ಬೈಪ್ಯಾಪ್ ಮೆಷಿನ್ ಬೇಕು. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದ್ರೆ? ಇನ್ವರ್ಟರ್‌ಗೆ ಅರ್ಜಿ ಹಾಕಿ ಕೂರುವಷ್ಟು ಪುರಸೊತ್ತು ಉಸಿರಿಗೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ಸುಮಾರು 400 ಕಿಲೋಮೀಟರ್. ಬಸ್ಸಿನ ಮೆಟ್ಟಿಲು ಹತ್ತಲಾರದವನಿಗೆ ಕಾರೇ ಆಗಬೇಕು. ಒಂದು ರಾತ್ರಿಯ ಆಟದಲ್ಲಿ ಇಷ್ಟಾದರೂ ಹುಟ್ಟುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಇಂಥದ್ದಕ್ಕೆ ಮೊದಲು ನಾಗದೋಷ ಕೇಳಿಸುತ್ತಾರೆ, ಆಮೇಲೆ ತಾಯಿಯನ್ನು ದೂರುತ್ತಾರೆ. ಇದು ಜೀನಿನ ತೊಂದರೆ, ಎಷ್ಟೋ ಸಲ ತಾಯಿಯಲ್ಲಿ ಇರದೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ ಅಂತ ಡಾಕ್ಟರೊಬ್ಬರು ರಂಗಸ್ಥಳದಲ್ಲಿ ನಿಂತು ಐದು ನಿಮಿಷ ಹೇಳಲಿ. ಆ ಹೆಂಗಸು ಮದುವೆಮನೆಗೆ ಹೋಗುವಂತಾಗುತ್ತಾಳೆ.

ವಿರೋಧ

ಅಂಥದ್ದೇ ಆಟಕ್ಕೆ ನಾನೂ ರಸೀದಿ ಹರಿದವನು. ಪ್ರಸಂಗ ಅರ್ಧಕ್ಕೆ ನಿಲ್ಲಿಸಿ ಹುಡುಗನನ್ನು ಎತ್ತಿ ತಂದರು. ಶಾಲು, ಫೋಟೋ, ಚಪ್ಪಾಳೆ. ಅವನು ಮಾತ್ರ ಚೆಂಡೆಯ ಕೋಲನ್ನೇ ನೋಡುತ್ತಿದ್ದ.

ನಾಲ್ಕು ತಿಂಗಳು ಬಿಟ್ಟು ಮನೆಗೆ ಹೋದೆ. ನಾವು ಕೊಟ್ಟ ವೀಲ್‌ಚೇರ್ ಜಗಲಿಯಲ್ಲಿ ಅಡಿಕೆ ಚೀಲ ಹೊತ್ತು ನಿಂತಿತ್ತು. ಹೊಸಿಲು ದಾಟುವುದಿಲ್ಲ, ಬಚ್ಚಲಿನ ಬಾಗಿಲಿಗೆ ಹಿಡಿಯುವುದಿಲ್ಲ. ಅಮ್ಮ ಈಗಲೂ ಎತ್ತಿಕೊಂಡೇ ಹೋಗುತ್ತಾಳೆ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು. ಬಾಗಿಲಿನ ಅಳತೆ ನೋಡಬೇಕಿತ್ತು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ!

ವರ್ಷಗಟ್ಟಲೆ ನಡೆಯುವ ಕಾಯಿಲೆಗೆ ಒಂದು ರಾತ್ರಿಯ ದುಡ್ಡು ಎಷ್ಟು ದಿನ ಬಂದೀತು? ಊರಿಗೆ ‘ನಾವು ಮಾಡಿದೆವಲ್ಲ’ ಅನ್ನುವ ಸಮಾಧಾನ. ಮನೆಯವರಿಗೆ ಮತ್ತೆ ಕೇಳಲು ನಾಚಿಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಇದೂ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ಮಾಸಾಶನ ಕೇಳಬಹುದು. 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೂ ದಾರಿ ಇದೆ. ಆ ಮನೆಯಲ್ಲಿ ಕಾರ್ಡೇ ಆಗಿರಲಿಲ್ಲ. ರಸೀದಿ ಹರಿಯಲು ಹತ್ತು ಜನ ಇದ್ದೆವು. ಕಾಗದಪತ್ರ ಹಿಡಿದು ಕಾರವಾರಕ್ಕೆ ಹೋಗಿಬರಲು ಒಬ್ಬರೂ ಇರಲಿಲ್ಲ, ನಾನೂ ಸೇರಿ.

ಈ ಸಲವೂ ಆಟ ಇದೆಯಂತೆ, ರಸೀದಿ ಪುಸ್ತಕ ಕಳಿಸಿದ್ದರು. ವಾಪಸ್ ಕೊಟ್ಟೆ. ಭಾನುವಾರ ಬಡಗಿ, ಗಾರೆಯವ ಇಬ್ಬರನ್ನೂ ಕರೆದುಕೊಂಡು ಹೋಗಬೇಕು. ಮೊದಲು ಆ ಬಚ್ಚಲಿನ ಬಾಗಿಲು ಅಗಲ ಆಗಲಿ.